ವಿದ್ಯಾರ್ಥಿಯ ಕಾಲವೂ ಸ್ವಯಂಪ್ರವೃತ್ತಿಯೂ



ಈ ಉಪನ್ಯಾಸದತ್ತಿಯನ್ನು ಸ್ಥಾಪಿಸಿದ ಮಹನೀಯರು ವಿದ್ಯಾರ್ಥಿಜೀವನಕ್ಕೆ ನೇರವಾಗಿ ಸಂಬಂಧಪಟ್ಟ ವಿಷಯವನ್ನೇ ಉಪನ್ಯಾಸಕ್ಕೆ ಆರಿಸಿಕೊಳ್ಳತಕ್ಕದ್ದೆಂದು ವಿಧಿಸಿರುವುದರಿಂದಲೂ, ಆಯುಷ್ಯದ ಬಹುಭಾಗವನ್ನು ಅಧ್ಯಾಪಕವೃತ್ತಿಯಲ್ಲಿ ಕಳೆದ ನನ್ನನ್ನು ಈ ಒಂದು ವಿಷಯ ಕಾಡಿದಷ್ಟು ಮತ್ತಾವುದೂ ಕಾಡದಿರುವುದರಿಂದಲೂ, ಕಾಲೇಜು ವಿದ್ಯಾರ್ಥಿಯ ಸ್ವಯಂಪ್ರವೃತ್ತಿ ಮತ್ತು ಆತನ ಕಾಲವಿನಿಯೋಗ ಎಂಬೆರಡನ್ನು ಕೂಡಿಸಿ ನಾಲ್ಕು ಮಾತು ಹೇಳಬೇಕೆಂದು ಸಂಕಲ್ಪಿಸಿಕೊಂಡು ಬಂದಿದ್ದೇನೆ. ಇವೆರಡನ್ನು ಬೇರೆಬೇರೆಯಾಗಿ ಬೋಧಿಸುವುದು ವಾಡಿಕೆ. ವೇಳಾಪಟ್ಟಿಯನ್ನು ಬರೆದುಕೊಳ್ಳಿರಿ, ಬೆಳಗ್ಗೆ ಬೇಗ ಏಳಿರಿ, ಪರೀಕ್ಷೆಗೆ ಮುನ್ನವೇ ಸಿದ್ಧರಾಗಿರಿ ಎಂಬುದು ಒಂದು ದಿನದ ಉಪದೇಶ. ಯಾರೂ ಹೇಳದೆಯೇ ಕೆಲಸಕ್ಕೆ ತೊಡಗಿರಿ ಎಂಬುದು ಇನ್ನೊಂದು ದಿನದ ಉಪದೇಶ. ನಾನು ಕಂಡಮಟ್ಟಿಗೆ ಇವೆರಡೂ ಒಂದೇ. ತಾನಾಗಿ ಕೈಗೆತ್ತಿಕೊಂಡ ಕಾರ್ಯವೊಂದಿಲ್ಲದವನಿಗೆ ಎಷ್ಟು ಕಾಲವಿದ್ದರೂ ಅದು ಕಳೆದುಹೋಗುತ್ತದೆಯೇ ಹೊರತು ವಿನಿಯೋಗವಾಗುವುದಿಲ್ಲ. ಅಂತಹ ಕಾರ್ಯವೊಂದಿರುವವನು ಕಾಲ ಎಷ್ಟೇ ಅಲ್ಪವಾಗಿದ್ದರೂ ಅದನ್ನು ಹೇಗಾದರೂ ಒದಗಿಸಿಕೊಳ್ಳುತ್ತಾನೆ. ಮೊದಲು ಕಾರ್ಯ, ಆಮೇಲೆ ವೇಳಾಪಟ್ಟಿ. ಈ ಕ್ರಮವನ್ನು ತಲೆಕೆಳಗು ಮಾಡಿರುವುದೇ ನಮ್ಮ ಉಪದೇಶಗಳು ಫಲಿಸದಿರುವುದಕ್ಕೆ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಶಾಲೆಯಲ್ಲಿಯೂ ಪದವಿಪೂರ್ವ ತರಗತಿಗಳಲ್ಲಿಯೂ ಹುಡುಗನ ಕಾಲ ಅವನದಾಗಿರುವುದಿಲ್ಲ. ಬೆಳಗಿನ ಟ್ಯೂಷನ್ನಿಗೆ ತಂದೆ ಎಬ್ಬಿಸಿ ಕಳಿಸುತ್ತಾರೆ. ತರಗತಿಯ ಗಂಟೆ ಹೊಡೆದಾಗ ಕುಳಿತು, ಹೊಡೆದಾಗ ಏಳುತ್ತಾನೆ. ಯಾವ ಪಾಠದಿಂದ ಎಷ್ಟು ಅಂಕದ ಪ್ರಶ್ನೆ ಬರುವುದೆಂಬುದನ್ನು ಸಹ ಇನ್ನೊಬ್ಬರೇ ಎಣಿಸಿ ಕೊಡುತ್ತಾರೆ. ಹೀಗೆ ಹನ್ನೆರಡು ವರ್ಷ ಪರರ ಅಂಕೆಯಲ್ಲಿ ನಡೆದ ಹುಡುಗ ಪದವಿ ಕಾಲೇಜಿನ ಹೊಸ್ತಿಲನ್ನು ದಾಟಿದೊಡನೆ, ಯಾವ ಪೂರ್ವಸಿದ್ಧತೆಯೂ ಇಲ್ಲದೆ, ಅರ್ಧ ಹಗಲಿನ ಒಡೆಯನಾಗಿಬಿಡುತ್ತಾನೆ. ಹನ್ನೊಂದಕ್ಕೆ ಒಂದು ತರಗತಿ, ಆಮೇಲೆ ಒಂದೂವರೆಯವರೆಗೆ ಏನೂ ಇಲ್ಲ, ಮತ್ತೆ ಒಂದು ತರಗತಿ. ನಡುವಣ ಹೊತ್ತಿನಲ್ಲಿ ಏನು ಮಾಡತಕ್ಕದ್ದೆಂದು ಯಾವ ಫಲಕದ ಮೇಲೂ ಬರೆದಿರುವುದಿಲ್ಲ. ಆ ಬಿಡುವನ್ನು ಅವನು ಸ್ವಾತಂತ್ರ್ಯವೆಂದು ಭಾವಿಸಿ ಸಂತೋಷಪಡುತ್ತಾನೆ; ಒಂದೆರಡು ತಿಂಗಳೊಳಗಾಗಿ ಅದು ಬೇಸರವಾಗಿ ಪರಿಣಮಿಸುತ್ತದೆ; ಮೊದಲನೆಯ ಸೆಮಿಸ್ಟರಿನ ಕೊನೆಗೆ ಅದೇ ಭಯವಾಗಿ ಎದುರು ನಿಲ್ಲುತ್ತದೆ. ಹಾಜರಿ ನೂರಕ್ಕೆ 75ರಷ್ಟಿರಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ವಿಧಿಸಬಲ್ಲುದು, ವಿಧಿಸಿದೆ. ಆದರೆ ತರಗತಿಯ ಹೊರಗಣ ಕಾಲಕ್ಕೆ ಹಾಜರಿಪುಸ್ತಕವಿಲ್ಲ, ಇರಲೂಬಾರದು. ಈಗಿನ ಕ್ರೆಡಿಟ್ ಪದ್ಧತಿಯಲ್ಲಿ ವಾರಕ್ಕೊಂದು ಗಂಟೆಯ ಉಪನ್ಯಾಸ ಸೆಮಿಸ್ಟರಿನುದ್ದಕ್ಕೂ ನಡೆದರೆ ಒಂದು ಕ್ರೆಡಿಟ್ ಎಂದು ಎಣಿಸುತ್ತಾರೆ. ಅಷ್ಟು ಪಾಠ ಕೇಳಿದವನು ತಾನಾಗಿಯೂ ಓದಿಕೊಳ್ಳುತ್ತಾನೆಂಬ ನಂಬಿಕೆಯ ಮೇಲೆಯೇ ಆ ಎಣಿಕೆ ನಿಂತಿದೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಹೇಗೆಂದು ವಿದ್ಯಾರ್ಥಿಗೆ ಯಾರೂ ಕಲಿಸುವುದಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಹೇಳಿ ವಿದ್ಯಾರ್ಥಿಗಳನ್ನು ನಾಚಿಸುವ ಪದ್ಧತಿಯುಂಟು. ವಾರಕ್ಕೆ 168 ಗಂಟೆ. ನಿದ್ರೆಗೆ 56 ಕಳೆದರೆ 112. ತರಗತಿಗಳಿಗೆ 30 ಕಳೆದರೆ 82. ಸ್ನಾನ, ಊಟ, ಪ್ರಯಾಣಗಳಿಗೆ 40 ಎಂದಿಟ್ಟುಕೊಂಡರೂ 42 ಗಂಟೆ ಉಳಿಯಿತಲ್ಲ, ಅದೆಲ್ಲಿ ಹೋಯಿತು ಎಂದು ಕೇಳುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಅನುಕೂಲಸ್ಥರ ಮನೆಯ ಹುಡುಗನ ಲೆಕ್ಕ. ಬೆಳಗಿನ ಜಾವ ಮನೆಮನೆಗೆ ಪತ್ರಿಕೆ ಹಾಕಿ ಬರುವವನ ವಾರದಲ್ಲಿಯೂ, ರಾತ್ರಿ ಅಂಗಡಿಯಲ್ಲಿ ನಿಂತು ದುಡಿಯುವವನ ವಾರದಲ್ಲಿಯೂ, ಕಾಯಿಲೆಯ ತಾಯಿಯ ಬದಲಿಗೆ ಒಲೆಯ ಮುಂದೆ ನಿಲ್ಲುವ ಹುಡುಗಿಯ ವಾರದಲ್ಲಿಯೂ 42 ಗಂಟೆ ಎಂದೂ ಉಳಿಯುವುದಿಲ್ಲ. ಆದಕಾರಣ ಉಳಿದ ಕಾಲ ಇಷ್ಟೆಂದು ತೋರಿಸಿ ತಪ್ಪಿತಸ್ಥರನ್ನು ಹುಡುಕುವುದನ್ನು ಬಿಟ್ಟು, ಕಾಲವೇ ಇಲ್ಲದಿದ್ದವರು ಅದನ್ನು ಹೇಗೆ ಹೊಂದಿಸಿಕೊಂಡರೆಂಬುದನ್ನು ನೋಡುವುದು ಮೇಲು.

ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ. ಎ. ಪದವಿಯನ್ನು ಪಡೆದರು. ತಂದೆಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡಿದ್ದ ಆ ತರುಣನಿಗೆ ನಗರದಲ್ಲಿ ಸೋದರಮಾವನ ಆಸರೆಯೇನೋ ಇದ್ದಿತು. ಆದರೆ ಓದಿನ ವೆಚ್ಚವನ್ನು ತಾನೇ ಸಂಪಾದಿಸಬೇಕಾಗಿದ್ದಿತು. ಕೊಡಗಿನ ಗೃಹಸ್ಥರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಹಿಡಿದು, ಇರುಳು ಅಲ್ಲಿಯೇ ಮಲಗಿ, ಊಟಕ್ಕೆ ಸೋದರಮಾವನ ಮನೆಗೆ ನಡೆದುಹೋಗಿ, ಅಲ್ಲಿಂದ ಕಾಲೇಜಿಗೆ ಹೋಗಿ ಬರುವ ದಿನಚರಿಯನ್ನು ಅವರು ವರ್ಷಗಟ್ಟಲೆ ನಡೆಸಿದರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಪ್ರಥಮರಾಗಿ ತೇರ್ಗಡೆ ಹೊಂದಿದರು. ಅವರ ಕಾಲನಿಷ್ಠೆಯನ್ನು, ಎಂದರೆ ಹೇಳಿದ ವೇಳೆಗೆ ಹೇಳಿದೆಡೆಯಲ್ಲಿರುವ ಆ ಪ್ರಸಿದ್ಧ ಕಟ್ಟುನಿಟ್ಟನ್ನು, ನಾವು ದಿವಾನಗಿರಿಯ ಠೀವಿಯೊಡನೆ ಹೊಂದಿಸಿ ನೆನೆಯುತ್ತೇವೆ. ಅಧಿಕಾರ ಬಂದಮೇಲೆ ಬಂದ ಗುಣವೆಂಬಂತೆ ಮಾತನಾಡುತ್ತೇವೆ. ಅದನ್ನು ಕಲಿತದ್ದು ಎರಡು ಮನೆಗಳ ನಡುವೆ ನಡೆದಾಡುತ್ತಿದ್ದ ಆ ದಿನಗಳಲ್ಲಿಯೇ ಎಂದು ನಾನು ಊಹಿಸುತ್ತೇನೆ. ಪಾಠ ಹೇಳುವ ಹೊತ್ತಿಗೆ ತಡವಾದರೆ ಮಕ್ಕಳ ವಿದ್ಯೆಗೆ ಲೋಪ, ಊಟದ ಹೊತ್ತಿಗೆ ತಡವಾದರೆ ಸೋದರತ್ತೆಗೆ ತೊಂದರೆ, ಕಾಲೇಜಿಗೆ ತಡವಾದರೆ ತನಗೇ ನಷ್ಟ. ಹೀಗೆ ಇತರರ ಹೊತ್ತಿಗೂ ತನ್ನ ಹೊತ್ತಿಗೂ ಗಂಟು ಬಿದ್ದಿರುವಲ್ಲಿ ಕಾಲನಿಷ್ಠೆ ಸೌಜನ್ಯದ ಒಂದು ರೂಪವಾಗುತ್ತದೆ.

ವಾರಾನ್ನದ ಪದ್ಧತಿಯನ್ನು ನಿಮ್ಮಲ್ಲಿ ಬಹುಮಂದಿ ಹೆಸರಿನಿಂದ ಮಾತ್ರ ಬಲ್ಲಿರಿ. ಮೈಸೂರು, ಬೆಂಗಳೂರುಗಳಿಗೆ ಓದಲು ಬಂದ ಬಡ ಹುಡುಗನು ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ವಾರದ ಏಳು ದಿನಕ್ಕೂ ಊಟದ ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಗೊತ್ತುಮಾಡಿಕೊಡಲು ಯಾವ ಕಚೇರಿಯೂ ಇರಲಿಲ್ಲ. ಹದಿನಾಲ್ಕು ಹದಿನೈದರ ಹುಡುಗ ತಾನೇ ಅಪರಿಚಿತರ ಜಗಲಿಯ ಮೇಲೆ ನಿಂತು, ಸಂಕೋಚವನ್ನು ನುಂಗಿಕೊಂಡು, ‘ಅಮ್ಮಾ, ನಿಮ್ಮಲ್ಲಿ ಒಂದು ವಾರ ಕೊಡುತ್ತೀರಾ?’ ಎಂದು ಕೇಳಬೇಕಾಗಿದ್ದಿತು. ಐದು ವಾರ ಸಿಕ್ಕಿ ಎರಡು ಸಿಗದಿದ್ದರೆ ಆ ಎರಡು ದಿನ ನೀರೇ ಗತಿ. ಮನೆಯವರ ಮಡಿ, ಹಬ್ಬ, ಊರ ಪ್ರಯಾಣ, ಶ್ರಾದ್ಧ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು, ಯಾವ ಮನೆಯಲ್ಲಿ ಒಂಬತ್ತಕ್ಕೆ ಎಲೆ ಹಾಕುತ್ತಾರೆ, ಯಾವ ಮನೆಯಲ್ಲಿ ಹತ್ತಾಗುತ್ತದೆಂಬುದನ್ನು ತಿಳಿದು, ಅದಕ್ಕೆ ಸರಿಯಾಗಿ ಓದಿನ ಹೊತ್ತನ್ನು ಹಿಂದುಮುಂದು ಮಾಡಿಕೊಳ್ಳುತ್ತಿದ್ದನು. ಎಸ್. ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯನ್ನು ಓದಿದವರಿಗೆ ಆ ಬಾಳಿನ ಕಷ್ಟ ಎಷ್ಟೆಂಬುದು ಗೊತ್ತಿದೆ. ಈ ಪದ್ಧತಿಯನ್ನು ಮರಳಿ ತರಬೇಕೆಂದು ನಾನು ಎಂದಿಗೂ ಹೇಳೆನು. ಅದರಲ್ಲಿ ಅವಮಾನದ ಅಂಶ ಬಹಳವಿದ್ದಿತು; ಅಲ್ಲದೆ ಆ ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಮೈಸೂರಿನಲ್ಲಿ ತಾತಯ್ಯನೆಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಕಟ್ಟಿದ ಅನಾಥಾಲಯ, ಸಿದ್ಧಗಂಗೆ ಸುತ್ತೂರು ಮೊದಲಾದ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಸಮುದಾಯಗಳ ಹಾಸ್ಟೆಲುಗಳು, ಅನಂತರ ಸರ್ಕಾರದ ಹಾಸ್ಟೆಲುಗಳು ಬಂದುದು ನಮ್ಮ ನಾಡಿನ ಪುಣ್ಯ. ಆದರೂ ಆ ಹುಡುಗರಿಂದ ಒಂದು ಸಂಗತಿಯನ್ನು ತಿಳಿದುಕೊಳ್ಳಬಹುದು: ವಾರದ ವ್ಯವಸ್ಥೆಯನ್ನು ಅವರಾರೂ ಪುಸ್ತಕದಿಂದ ಕಲಿಯಲಿಲ್ಲ, ಓದಲೇಬೇಕೆಂಬ ಹಟ ಮೊದಲು ಬಂದಿತು, ವ್ಯವಸ್ಥೆ ಅದರ ಬೆನ್ನಹಿಂದೆ ಬಂದಿತು.

ಹಳೆಯ ಕಾಲದ ಮಾತನ್ನಷ್ಟೇ ಹೇಳಿದೆನೆಂದು ನೀವು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಳ್ಳಿಯಿಂದ ಬಂದು ಹೋಗುತ್ತಿದ್ದ ಬಿ. ಕಾಂ. ವಿದ್ಯಾರ್ಥಿನಿಯೊಬ್ಬಳಿದ್ದಳು. ಬೆಳಗ್ಗೆ ಎದ್ದು ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ರಾಗಿಮುದ್ದೆಗೆ ಎಸರಿಟ್ಟು ತಾಯಿಗೆ ಒಪ್ಪಿಸಿ, ಆಕೆ ಊರಿನ ನೈಟ್ ಹಾಲ್ಟ್ ಬಸ್ಸನ್ನು ಹಿಡಿಯುತ್ತಿದ್ದಳು. ರಾತ್ರಿ ಆ ಊರಿನಲ್ಲಿಯೇ ತಂಗುವ ಬಸ್ಸಾದುದರಿಂದ ಬೆಳಗ್ಗೆ ಹೊರಡುವಾಗ ಖಾಲಿ. ಕಿಟಕಿಯ ಬಳಿ ಸೀಟು ನಿಶ್ಚಯ. ಸಂಜೆ ಹಿಂದಿರುಗುವಾಗ ಕಾಲಿಡಲು ಜಾಗವಿಲ್ಲದಷ್ಟು ನೂಕುನುಗ್ಗಲು. ಆಕೆ ತನ್ನ ಓದನ್ನು ಇದಕ್ಕೆ ಸರಿಯಾಗಿ ಎರಡು ಪಾಲು ಮಾಡಿದ್ದಳು: ಕುಳಿತು ಹೋಗುವ ಬೆಳಗಿನ ಪ್ರಯಾಣ ಹೊಸ ಪಾಠವನ್ನು ಓದುವುದಕ್ಕೆ, ನಿಂತು ಬರುವ ಸಂಜೆಯ ಪ್ರಯಾಣ ಅಂದು ಕೇಳಿದ್ದನ್ನು ಪುಸ್ತಕವಿಲ್ಲದೆ ಮನಸ್ಸಿನಲ್ಲಿಯೇ ಮೊದಲಿನಿಂದ ಹೇಳಿಕೊಳ್ಳುವುದಕ್ಕೆ. ಎಲ್ಲಿ ತಡವರಿಸಿತೋ ಆ ಪದವನ್ನು ಬಸ್ಸಿಳಿದೊಡನೆ ಟಿಕೆಟಿನ ಹಿಂದೆ ಬರೆದುಕೊಳ್ಳುವಳು. ಆಕೆಯ ನೋಟ್‌ಬುಕ್ಕಿನ ಕಡೆಯ ಹಾಳೆಗಳನ್ನು ಒಮ್ಮೆ ತೋರಿಸಿದಳು. ಪುಟದ ನಡುವೆ ಗೆರೆಯೆಳೆದು ಎಡಕ್ಕೆ ‘ಅಂದುಕೊಂಡಿದ್ದು’, ಬಲಕ್ಕೆ ‘ಆಗಿದ್ದು’ ಎಂದು ಬರೆದಿದ್ದಳು. ಎಡಭಾಗದಲ್ಲಿ ಮೂರು ಬಾಬು. ಬಲಭಾಗದಲ್ಲಿ ಒಂದು, ಕೆಲವು ದಿನ ಎರಡು. ಒಂದೊಂದು ದಿನ ‘ಕರು ಹಾಕಿತು, ಏನೂ ಆಗಲಿಲ್ಲ’ ಎಂಬ ಒಂದೇ ಸಾಲು. ‘ಬಲಗಡೆ ಖಾಲಿಯಿದ್ದರೆ ಬೇಜಾರಾಗುವುದಿಲ್ಲವೇನಮ್ಮ?’ ಎಂದು ಕೇಳಿದೆ. ‘ಮೊದಲು ಆಗುತ್ತಿತ್ತು ಸರ್. ಈಗ ಎಡಗಡೆ ಕಮ್ಮಿ ಬರೆಯುತ್ತೇನೆ’ ಎಂದಳು. ಕಾಲವಿನಿಯೋಗವನ್ನು ಕುರಿತು ನಾನು ಓದಿದ ಗ್ರಂಥಗಳಾವುವೂ ಇಷ್ಟು ಸ್ಪಷ್ಟವಾಗಿ ಮಾತನಾಡಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೂಲಕ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ. ಆಕೆಯಂತಹವರಿಗೆ ಪ್ರಯಾಣದ ಹಣ ಉಳಿಯಿತು. ಬಸ್ಸಿನಲ್ಲಿ ಕಳೆಯುವ ಹೊತ್ತು ಮಾತ್ರ ಹಾಗೆಯೇ ಇದೆ. ಅದನ್ನು ಏನು ಮಾಡಬೇಕೆಂಬುದು ಈಗಲೂ ಆಯಾ ಹುಡುಗಿಗೇ ಬಿಟ್ಟದ್ದು.

ಎಡಗಡೆ ಕಡಮೆ ಬರೆಯಬೇಕೆಂಬ ಆಕೆಯ ತಿಳಿವಳಿಕೆಗೆ ಮನೋವಿಜ್ಞಾನದ ಬೆಂಬಲವೂ ಉಂಟು. ಕೆನಡಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧವನ್ನು ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಕೆಲಸ ಮುಗಿಯಲು ಎಷ್ಟು ದಿನ ಬೇಕಾದೀತೆಂದು ಕೇಳಲಾಗಿ, ಅವರ ಅಂದಾಜು ಸರಾಸರಿ 34 ದಿನಗಳಷ್ಟಿದ್ದಿತು. ವಾಸ್ತವವಾಗಿ ಹಿಡಿದುದು ಸರಾಸರಿ 55 ದಿನಗಳಿಗೂ ಮೇಲೆ. ಅವರೇನೂ ಸೋಮಾರಿಗಳಾಗಿರಲಿಲ್ಲ. ಮುಂದಣ ಕೆಲಸವನ್ನು ಕಲ್ಪಿಸಿಕೊಳ್ಳುವಾಗ ಮನುಷ್ಯನು ಅಡ್ಡಿಯಿಲ್ಲದ ದಾರಿಯನ್ನೇ ಕಲ್ಪಿಸಿಕೊಳ್ಳುತ್ತಾನೆ. ಹಿಂದೆ ತನಗೆ ಎಷ್ಟು ಹಿಡಿದಿತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಆಗಿದ್ದು’ ಎಂಬ ಬಲಭಾಗದ ಪ್ರಯೋಜನ ಇಲ್ಲಿಯೇ ಇರುವುದು. ವೇಳಾಪಟ್ಟಿಗಳು ಸಾಮಾನ್ಯವಾಗಿ ಎಡಭಾಗವನ್ನು ಮಾತ್ರ ಬರೆಯುತ್ತವೆ. ಬಣ್ಣದ ಪೆನ್ನಿನಿಂದ ಅಂದವಾಗಿ ಬರೆದ ಆ ಪಟ್ಟಿ ಮೂರನೆಯ ದಿನ ಮುರಿದುಬಿದ್ದಾಗ, ಹುಡುಗ ಪಟ್ಟಿಯ ಅಂದಾಜನ್ನು ತಿದ್ದುವುದಕ್ಕೆ ಬದಲಾಗಿ ತನ್ನ ಶಕ್ತಿಯಲ್ಲಿಯೇ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. ಇದಕ್ಕಿಂತ ದೊಡ್ಡ ಹಾನಿಯನ್ನು ನಾನು ಕಾಣೆ.

ಆಕೆಯ ಸಂಜೆಯ ಅಭ್ಯಾಸವನ್ನು ಕುರಿತು ಒಂದು ಮಾತು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುವುದೆಂದು ಅಳೆದು, 1885ರಲ್ಲಿ ಪ್ರಕಟಪಡಿಸಿದನು. ಮರೆವಿನ ಬಹುಭಾಗ ಮೊದಲ ಕೆಲವು ತಾಸುಗಳಲ್ಲಿಯೇ ನಡೆದುಹೋಗುತ್ತದೆ, ಆಮೇಲೆ ಅದರ ವೇಗ ತಗ್ಗುತ್ತದೆಂದೂ, ಒಂದೇ ಪಟ್ಟಿಗೆ ಕುಳಿತು ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿ ಓದಿದುದು ಹೆಚ್ಚು ನಿಲ್ಲುವುದೆಂದೂ ಆತ ಕಂಡುಕೊಂಡನು. ಪಾಠವನ್ನು ಕೇಳಿದ ದಿನವೇ ಒಂದು ಘಳಿಗೆ, ಎಂದರೆ 24 ನಿಮಿಷ, ಅದನ್ನು ಮೆಲುಕುಹಾಕಿದರೆ ಪರೀಕ್ಷೆಯ ಹಿಂದಿನ ರಾತ್ರಿಯ ಎಷ್ಟೋ ತಾಸುಗಳು ಉಳಿಯುತ್ತವೆ. ಹಗಲಿರುಳನ್ನು 60 ಘಳಿಗೆಗಳಾಗಿ ಎಣಿಸುತ್ತಿದ್ದ ನಮ್ಮ ಹಿಂದಿನವರ ಅಳತೆ ವಿದ್ಯಾರ್ಥಿಗೆ ಗಂಟೆಗಿಂತ ಹೆಚ್ಚು ಹೊಂದುತ್ತದೆಂದು ನನಗೆ ಅನೇಕ ಬಾರಿ ತೋರಿದೆ. ಗಂಟೆ ಬಿಡುವಿಲ್ಲವೆನ್ನುವವನಿಗೂ ಘಳಿಗೆ ಸಿಕ್ಕೇ ಸಿಗುತ್ತದೆ. ಮೊಬೈಲಿನ ವಿಷಯವಾಗಿ ನಾನು ಹೆಚ್ಚು ಹೇಳುವುದಿಲ್ಲ. ಅದು ನುಂಗುವುದೂ ಘಳಿಗೆಗಳನ್ನೇ. ಅದನ್ನು ದೂಷಿಸುವುದರಿಂದ ಫಲವಿಲ್ಲ. ಕೈಯಲ್ಲಿ ತನ್ನದಾದ ಕೆಲಸವೊಂದಿರುವ ಹುಡುಗ ಮೊಬೈಲನ್ನು ಕೆಳಗಿಡುವುದನ್ನು ನಾನು ಕಂಡಿದ್ದೇನೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸ್ವಯಂಪ್ರವೃತ್ತಿಯೊಂದಿದ್ದರೆ ಸಾಲದೆ, ವ್ಯವಸ್ಥೆಯ ಗೊಡವೆಯೇಕೆ ಎಂದು ಕೇಳುವವರು ಶ್ರೀನಿವಾಸ ರಾಮಾನುಜನ್ನರನ್ನು ಹೆಸರಿಸುತ್ತಾರೆ. ಕುಂಭಕೋಣದ ಕಾಲೇಜಿಗೆ 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಸೇರಿದ ಆ ಮಹಾಪ್ರತಿಭೆ ಗಣಿತವೊಂದರಲ್ಲಿಯೇ ಮುಳುಗಿ, ಉಳಿದ ವಿಷಯಗಳನ್ನು ಕಡೆಗಣಿಸಿ ವೇತನವನ್ನು ಕಳೆದುಕೊಂಡಿತು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದ ಮೇಲೂ ಎಫ್. ಎ. ಪರೀಕ್ಷೆ ಕೈಗೂಡಲಿಲ್ಲ. ಅನಂತರ ಹಲವು ವರ್ಷ ಹೊಟ್ಟೆಪಾಡಿಗಾಗಿ ಅಲೆದು, 1912ರಲ್ಲಿ ಬಂದರು ಕಚೇರಿಯ ಗುಮಾಸ್ತರಾಗಿ, 1913ರ ಆರಂಭದಲ್ಲಿ ಅವರು ಕೇಂಬ್ರಿಜ್ಜಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದರು. ವ್ಯವಸ್ಥೆ ಅನಾವಶ್ಯಕವೆಂಬುದನ್ನು ಈ ಕಥೆ ತೋರಿಸುತ್ತದೆಂದು ನಾನು ಒಪ್ಪಲಾರೆ. ಅವ್ಯವಸ್ಥೆಗೆ ಎಂತಹ ಪ್ರತಿಭೆಯೂ ಬೆಲೆ ತೆರಬೇಕಾಗುತ್ತದೆಂಬುದನ್ನು ಅದು ತೋರಿಸುತ್ತದೆ. ಅದರೊಡನೆಯೇ, ಒಂದು ವಿಷಯದಲ್ಲಿ ತನ್ಮಯನಾದ ಹುಡುಗನಿಗೆ ಎಡೆಮಾಡಿಕೊಡಲಾರದ ಕಾಲೇಜುಗಳ ಕೊರತೆಯನ್ನೂ ತೋರಿಸುತ್ತದೆ. ಅಧ್ಯಾಪಕರಾದ ನಾವು ಆ ಎರಡನೆಯ ಪಾಠವನ್ನು ಮರೆಯಬಾರದು.

ಸ್ವಯಂಪ್ರವೃತ್ತಿಯೆಂದೊಡನೆ ಏಕಾಂಗಿಯಾದ ಸಾಧಕನನ್ನು ನೆನೆಯಬೇಕಾಗಿಯೂ ಇಲ್ಲ. ಪಠ್ಯಕ್ರಮದಲ್ಲಿ ಕನ್ನಡಕ್ಕೆ ಅಲ್ಪವಾದ ಸ್ಥಾನವಿದ್ದ ದಿನಗಳಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಹುಟ್ಟಿ, ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿತು. ಅಂಕ ಕೊಡುವವರಿಲ್ಲ, ಹಾಜರಿ ಹಿಡಿಯುವವರಿಲ್ಲ; ತರಗತಿಗಳು ಮುಗಿದ ಮೇಲಣ ಹೊತ್ತಿನಲ್ಲಿ ಲೇಖನಗಳನ್ನು ಕೂಡಿಸಿ, ತಿದ್ದಿ, ಕರಡು ನೋಡಿ, ಚಂದಾ ಎತ್ತಿ ನಡೆಸಿದ ಕೆಲಸ ಅದು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದ ಆ ಪತ್ರಿಕೆ ಹೊಸಗನ್ನಡ ಸಾಹಿತ್ಯಕ್ಕೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಬೆಂಗಳೂರಿಗೆ ಓದಲು ನಡೆದೇ ಬಂದ ಎಚ್. ನರಸಿಂಹಯ್ಯನವರು, 1942ರಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋಗಿ, ಮರಳಿ ಬಂದು ಪದವಿಗಳನ್ನು ಮುಗಿಸಿ, ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. 1962ರಲ್ಲಿ ಅಲ್ಲಿಯೇ ಬೆಂಗಳೂರು ಸೈನ್ಸ್ ಫೋರಮ್ ಅನ್ನು ಪ್ರಾರಂಭಿಸಿದರು. ವಾರವಾರವೂ ತಪ್ಪದೆ ಒಂದು ಸಂಜೆ ವಿಜ್ಞಾನದ ಉಪನ್ಯಾಸ, ಬೇಕಾದವರು ಬರಬಹುದು. ಯಾವ ವಿಶ್ವವಿದ್ಯಾಲಯವೂ ಆ ಸಂಜೆಯನ್ನು ವಿಧಿಸಿರಲಿಲ್ಲ. ನಾಲ್ಕು ಮಂದಿ ಸ್ನೇಹಿತರು ಕೂಡಿ, ಬುಧವಾರ ಮೂರು ಗಂಟೆಗೆ ಈ ಪುಸ್ತಕವನ್ನು ಒಟ್ಟಿಗೆ ಓದೋಣವೆಂದು ನಿಶ್ಚಯಿಸಿಕೊಂಡರೂ ಸಾಕು, ಒಬ್ಬನು ತನಗೆ ತಾನೇ ಕೊಟ್ಟುಕೊಂಡ ಮಾತಿಗಿಂತ ಅದು ಗಟ್ಟಿ. ಉಳಿದ ಮೂವರು ಕಾಯುತ್ತಿರುತ್ತಾರೆ.

ವಿದ್ಯಾರ್ಥಿಗಳೆ, ನಿಮ್ಮಿಂದ ನಾನು ಬೇಡುವುದು ಒಂದೇ. ಈ ವಾರ ಮುಗಿಯುವುದರೊಳಗೆ, ಯಾರೂ ನಿಮಗೆ ವಹಿಸದಿರುವ ಒಂದು ಕೆಲಸವನ್ನು ಆರಿಸಿಕೊಳ್ಳಿರಿ. ಅದು ಕಠಿಣವಾದ ಒಂದು ಪುಸ್ತಕವಾಗಬಹುದು. ಊರಿನ ಕೆರೆಯ ನೀರು ತಿಂಗಳು ತಿಂಗಳು ಎಷ್ಟೆಂದು ಬರೆದಿಡುವುದಾಗಬಹುದು. ನಿಮ್ಮ ಬೀದಿಯ ಮಗುವೊಂದಕ್ಕೆ ಮಗ್ಗಿ ಕಲಿಸುವುದಾಗಬಹುದು. ಅದಕ್ಕೆ ನಿಮ್ಮ ದಿನದಲ್ಲಿ ಒಂದು ಘಳಿಗೆಯನ್ನು ಗೊತ್ತುಮಾಡಿರಿ, ಆದದ್ದನ್ನು ಮಾತ್ರ ಬರೆದಿಡಿರಿ.

ಕಾಲೇಜಿನ ಆಡಳಿತವರ್ಗದವರಲ್ಲಿಯೂ ಒಂದು ವಿಜ್ಞಾಪನೆಯುಂಟು. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಗ್ರಂಥಾಲಯವು ನಾಲ್ಕೂವರೆಗೆ ಮುಚ್ಚುತ್ತದೆ. ಹಳ್ಳಿಯ ಬಸ್ಸು ಹೊರಡುವುದು ಆರಕ್ಕೋ ಆರೂವರೆಗೋ. ನಡುವಣ ಆ ಹೊತ್ತನ್ನು ನೂರಾರು ಮಕ್ಕಳು ಬಸ್‌ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆಯುತ್ತಾರೆ. ಅವರಲ್ಲಿ ಓದಬೇಕೆಂಬ ಮನಸ್ಸುಳ್ಳವರಿಗೆ ಬೇಕಾದುದು ಒಂದು ಮೇಜು, ಒಂದು ದೀಪ, ಕುಡಿಯಲು ನೀರು. ಸಿಬ್ಬಂದಿಯ ವೇಳೆಯನ್ನು ಸರದಿಯ ಮೇಲೆ ಹೊಂದಿಸಿ, ಕಡೆಯ ಬಸ್ಸಿನ ಹೊತ್ತಿನವರೆಗೂ ವಾಚನಾಲಯದ ಬಾಗಿಲನ್ನು ತೆರೆದಿರಿಸಬೇಕೆಂದು, ಅಧ್ಯಕ್ಷರನ್ನೂ ಆಡಳಿತ ಮಂಡಲಿಯ ಸದಸ್ಯರನ್ನೂ ಕೈಮುಗಿದು ಪ್ರಾರ್ಥಿಸುತ್ತೇನೆ.